ತಂತಿ ಬಿಗಿದ ಬಾಯಿಗೆ ಅಂಬಲಿ

ಅಂಬಲಿಯ ಮೇಲೆ ಏನು ಹಾಕಿಕೊಳ್ಳಬೇಕು ಅನ್ನುವ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವವಳಲ್ಲ. ಜೋಳದ ಹಿಟ್ಟನ್ನು ಹಿಂದಿನ ದಿನವೇ ಮಜ್ಜಿಗೆಯಲ್ಲಿ ಕಲಸಿಟ್ಟು ಹುಳಿ ಬರಿಸಬೇಕು. ಕುದಿಯುವ ನೀರಿಗೆ ಅದನ್ನು ಸಣ್ಣ ಧಾರೆಯಾಗಿ ಬಿಡುತ್ತ, ಇನ್ನೊಂದು ಕೈಯಿಂದ ತಿರುವುತ್ತಲೇ ಇರಬೇಕು. ಫೋನು ಬಂತು ಅಂತ ಕೈ ಬಿಟ್ಟಿರೋ, ಮುಗಿಯಿತು, ಬರೀ ಗಂಟು. ಬೆಳ್ಳುಳ್ಳಿ, ಜೀರಿಗೆ, ಹಸಿಮೆಣಸಿನಕಾಯಿ ಜಜ್ಜಿ ಹಾಕಿ ಇನ್ನೊಂದು ಕುದಿ ಬರಿಸಿ ಇಳಿಸಬೇಕು. ಆರಿದ ಮೇಲೆ ಹುರಿದ ಶೇಂಗಾ ತರಿತರಿಯಾಗಿ ಕುಟ್ಟಿ ಉದುರಿಸಬೇಕು. ಅದರ ಮೇಲೆ ಹೆಚ್ಚಿದ ಉಳ್ಳಾಗಡ್ಡಿ, ಕೊತ್ತಂಬರಿ. ಕೊನೆಗೆ ಅಗಸಿ ಹಿಂಡಿ, ಅಂದರೆ ಅಗಸೆಯ ಚಟ್ನಿಪುಡಿ. ಅದೂ ಚಿಟಿಕೆಯಲ್ಲ, ಒಂದು ಮುಷ್ಟಿ. ಹಲ್ಲಿಗೆ ಕರಕರ ಸಿಗದ ಅಂಬಲಿ ಅಂಬಲಿಯೇ ಅಲ್ಲ, ಅದು ಸೀರೆಗೆ ಹಾಕುವ ಗಂಜಿ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ. ಆಮೇಲೆ ಆರು ವಾರ ನನ್ನ ಹಲ್ಲಿಗೆ ಏನೂ ಸಿಗಲಿಲ್ಲ.

ನಾನು ಶಿಕ್ಷಕಿ. ಮನೆ ಬೀದರಿನ ಅಂಚಿನ ನೌಬಾದಿನಲ್ಲಿ. ಬೆಳಿಗ್ಗೆ ಭಾಲ್ಕಿಗೆ ಬಸ್ಸು, ಭಾಲ್ಕಿಯಲ್ಲಿ ಬಿಟ್ಟಿರುವ ಸ್ಕೂಟಿಯ ಮೇಲೆ ಸಾಯಗಾಂವ ಕಡೆಯ ಒಂದು ಶಾಲೆ. ಅಪ್ಪ ತೀರಿಕೊಂಡಾಗ ನನಗೆ ಇಪ್ಪತ್ತೆರಡು, ತಂಗಿಗೆ ಐದು. ಅಂದಿನಿಂದ ಮನೆಯ ಮಾತು ನನ್ನದೇ. ಬಾಡಿಗೆ ಮಾತಾಡುವವಳು ನಾನು, ನಲ್ಲಿಯವನ ಜೊತೆ ಜಗಳ ಮಾಡುವವಳು ನಾನು, ಚರ್ಚಿನ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಿ ಹಿರಿಯರ ಮುಖ ಹುಳ್ಳಗೆ ಮಾಡುವವಳೂ ನಾನೇ. ಲಗ್ನ ಆಗಲಿಲ್ಲ, ಆಗಬೇಕು ಅಂತ ಯಾರೂ ಮೈಮೇಲೆ ಬಿದ್ದೂ ಕೇಳಲಿಲ್ಲ. ಅವ್ವ ನನ್ನ ಮುಂದೆಯೇ ಬಂದವರಿಗೆ ಹೇಳುತ್ತಿದ್ದಳು: “ನಮ್ಮ ಮನಿಯಾಗ ಗಂಡಸರಿಲ್ಲಂತ ಯಾರ ಅಂದ್ರು? ಈಕಿ ಬಾಯಿ ಅದಲ್ಲ!” ನಾನು ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡಿದ್ದೆ.

ಆ ಬಾಯಿ ಮುರಿದದ್ದು ಸೋಯಾಬೀನಿನಿಂದ. ನಮ್ಮ ಕಡೆ ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯೇ ಕಣ. ಗಾಡಿ ಹಾಯ್ದು ಕಾಯಿ ತಾನೇ ಒಡೆಯಲಿ ಎಂದು ಅರ್ಧ ರಸ್ತೆಗೆ ಹರವಿ, ಅಂಚಿಗೆ ನಾಲ್ಕು ಕಲ್ಲಿಟ್ಟು ಹೋಗಿಬಿಡುತ್ತಾರೆ. ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷ ಬೈಯುತ್ತೇನೆ. ಆ ದಿನ ಶಾಲೆ ಬಿಟ್ಟು ಬರುವಾಗಲೂ ಒಬ್ಬರಿಗೆ ಸ್ಕೂಟಿಯ ಮೇಲಿಂದಲೇ ಬೈಯಲು ಹೋದೆ. ಮುಖ ಆ ಕಡೆ, ಗಾಲಿ ಈ ಕಡೆ. ಬ್ರೇಕು ಹಿಡಿದೆ, ಕಾಳು ಗಾಲಿಯ ಕೆಳಗೆ ಉರುಳಿತು, ಗದ್ದ ಹೋಗಿ ಡಾಂಬರಿಗೆ ಬಡಿಯಿತು. ನನ್ನನ್ನು ಎತ್ತಿ ಟಂಟಂ ಆಟೋದಲ್ಲಿ ಕೂಡಿಸಿದವರು ನಾನು ಬೈದಿದ್ದ ಆ ರೈತರೇ.

ದವಡೆ ಎರಡು ಕಡೆ ಮುರಿದಿತ್ತು. ಬೀದರಿನ ಡಾಕ್ಟರು ಮೇಲಿನ ಹಲ್ಲನ್ನೂ ಕೆಳಗಿನ ಹಲ್ಲನ್ನೂ ಸೇರಿಸಿ ತಂತಿ ಬಿಗಿದರು. ಆರು ವಾರ ಬಾಯಿ ತೆರೆಯುವಂತಿಲ್ಲ, ಅಗಿಯುವಂತಿಲ್ಲ, ಮಾತಾಡಲು ಹೆಣಗುವಂತಿಲ್ಲ. ಕುಡಿಯುವುದು ಮಾತ್ರ, ಅದೂ ಸೋಸಿದ್ದು. ಮನೆಗೆ ಕಳಿಸುವಾಗ ಒಂದು ಸಣ್ಣ ಕಟ್ಟರ್ ಕೊಟ್ಟರು. ವಾಂತಿ ಬಂದರೆ ಉಸಿರು ಕಟ್ಟುತ್ತದೆ, ತಕ್ಷಣ ತಂತಿ ಕತ್ತರಿಸಬೇಕು, ಇದು ಯಾವಾಗಲೂ ಕೈಗೆ ಸಿಗುವ ಹಾಗಿರಲಿ ಎಂದರು. ತಂಗಿ ಅದಕ್ಕೆ ದಾರ ಕಟ್ಟಿ ನನ್ನ ಮಂಚದ ಮೊಳೆಗೆ ನೇತುಹಾಕಿದಳು. ಆರು ವಾರ ಅದನ್ನೇ ನೋಡುತ್ತ ಮಲಗಿದೆ. ಎಷ್ಟು ಸಲ ಅದರ ಮೇಲೆ ಕೈ ಹೋಯಿತೋ ಲೆಕ್ಕವಿಲ್ಲ.

ತಂಗಿ ಆಗ ನರ್ಸಿಂಗಿನ ಕೊನೆಯ ವರ್ಷದಲ್ಲಿದ್ದಳು. ಬೀದರಿನಲ್ಲೇ ಹಾಸ್ಟೆಲ್. ಅವ್ವನಿಗೆ ಮೊಣಕಾಲು ನೋವು, ಒಲೆಯ ಮುಂದೆ ಅರ್ಧ ತಾಸು ನಿಲ್ಲಲಾರಳು. ಹಾಗಾಗಿ ತಂಗಿ ಹಾಸಿಗೆ ಸುತ್ತಿಕೊಂಡು ಮನೆಗೆ ಬಂದಳು. ಬೆಳಿಗ್ಗೆ ಆಸ್ಪತ್ರೆಯ ಡ್ಯೂಟಿ, ಮಧ್ಯಾಹ್ನದಿಂದ ನನ್ನ ಡ್ಯೂಟಿ. ದೊಡ್ಡ ಸಿರಿಂಜಿಗೆ ರಬ್ಬರಿನ ನಳಿಗೆ ಸಿಕ್ಕಿಸಿ, ಕೊನೆಯ ಹಲ್ಲಿನ ಹಿಂದಿನ ಸಂದಿಯಿಂದ ಒಂದೊಂದೇ ಗುಟುಕು ಬಿಡುತ್ತಿದ್ದಳು. ಹತ್ತು ದಿನದ ಮೇಲೆ ಬಾವು ಇಳಿದು ನಾನೇ ಸ್ಟ್ರಾದಿಂದ ಹೀರುವಂತಾದೆ. ಅದೂ ಒಂದು ದೊಡ್ಡಸ್ತಿಕೆ ಅನ್ನಿಸಿತು ನನಗೆ.

ಅವಳು ಮಾಡಿದಷ್ಟು ತರದ ಅಂಬಲಿ, ಗಂಜಿ ನಾನು ಹುಟ್ಟಿದ ಮೇಲೆ ಕುಡಿದಿಲ್ಲ. ಜೋಳದ್ದು, ಸಜ್ಜೆಯದು, ಅಕ್ಕಿ ಮತ್ತು ಹೆಸರುಬೇಳೆಯದು. ಎಲ್ಲವನ್ನೂ ಹಳೆಯ ಮಲ್‌ಮಲ್ ಬಟ್ಟೆಯಲ್ಲಿ ಎರಡು ಸಲ ಸೋಸುತ್ತಿದ್ದಳು, ಒಂದು ಕಣ ತಂತಿಗೆ ಸಿಕ್ಕಿಕೊಂಡರೂ ಕೊಳೆಯುತ್ತದೆ ಅಂತ. ಮೊದಲ ವಾರ ಸಪ್ಪೆ ಅಂಬಲಿ ಕುಡಿದು ಸಿಟ್ಟು ನೆತ್ತಿಗೇರಿ ನಾನು ನೋಟ್‌ಬುಕ್ಕಿನಲ್ಲಿ ದೊಡ್ಡಕ್ಷರದಲ್ಲಿ ಬರೆದೆ: “ಇದು ಸೀರೆಗೆ ಹಾಕು.” ಅವಳು ಓದಿ ಬಿದ್ದುಬಿದ್ದು ನಕ್ಕಳು.

“ಆಯ್ತವ್ವ ತಾಯಿ, ಮೇಲೆ ಹಾಕಾದು ಎಲ್ಲಾ ಒಳಗ ಹಾಕ್ತೇನಿ, ಜರಾ ತಡಿ,” ಎಂದಳು.

ಹೇಳಿದ ಹಾಗೇ ಮಾಡಿದಳು. ಶೇಂಗಾ ಹುರಿದು, ನೆನೆಸಿ, ಬೆಣ್ಣೆಯ ಹಾಗೆ ರುಬ್ಬಿ, ಹಾಲು ಹಿಂಡಿ ಬೆರೆಸಿದಳು. ಉಳ್ಳಾಗಡ್ಡಿ ಜಜ್ಜಿ ನೀರು ತೆಗೆದಳು. ಅಗಸಿ ಹಿಂಡಿಯನ್ನು ಬಿಸಿನೀರಲ್ಲಿ ನೆನೆಸಿ ಸೋಸಿದರೆ ಲೋಳೆಯಾಗಿ ಬಟ್ಟೆಯಿಂದ ಇಳಿಯಲೇ ಇಲ್ಲ, ಅವಳು ಬಿಡಲೂ ಇಲ್ಲ, ಹಿಂಡಿ ಹಿಂಡಿ ಎರಡು ಚಮಚ ತೆಗೆದಳು. ವಾಸನೆಯೊಂದಿದ್ದರೆ ಸಾಕು, ನಾಲಿಗೆ ಮಿಕ್ಕದ್ದನ್ನು ತಾನೇ ನೆನಪು ಮಾಡಿಕೊಳ್ಳುತ್ತದೆ ಎಂದು ನನಗೆ ಆಗ ಗೊತ್ತಾಯಿತು. ಹಸಿವಿನ ಬಗ್ಗೆ ಅಷ್ಟು ದಿನ ಮಕ್ಕಳಿಗೆ ಪಾಠ ಮಾಡಿದ್ದೆಲ್ಲ ಸುಳ್ಳು ಅನ್ನಿಸಿತು.

“ಕರಕರ ಮಾತ್ರ ನನ್ನ ಕೈಲಿ ಆಗಂಗಿಲ್ಲ ಅಕ್ಕ,” ಎಂದಳು. ಒಂದು ಕ್ಷಣ ಯೋಚಿಸಿ ಹುರಿದ ಶೇಂಗಾ ಒಂದು ಮುಷ್ಟಿ ತಂದು, ನನ್ನ ಕಿವಿಯ ಹತ್ತಿರ ಬಾಯಿ ಇಟ್ಟು ಕಟಕಟ ಅಗಿಯತೊಡಗಿದಳು. “ನೀ ಕುಡಿ. ನಾ ಅಗಿತೇನಿ. ಇಬ್ಬರದೂ ಕೂಡಿ ಒಂದು ಊಟ.”

ನಗಲಾರದೆ ಮೂಗಿನಿಂದ ಗುರ್ ಅಂದೆ. ಅಂದಿನಿಂದ ಅದೇ ಪದ್ಧತಿಯಾಯಿತು. ಮಧ್ಯಾಹ್ನದ ಅಂಬಲಿ ನಾನು ಹೀರುವುದು, ಅವಳು ಪಕ್ಕದಲ್ಲಿ ಕೂತು ಶೇಂಗಾ ಅಗಿಯುವುದು. ಅವ್ವ ನೋಡಿ, “ಹುಚ್ಚು ಹಿಡದದೇನ್ ನಿಮಗ?” ಎನ್ನುತ್ತಿದ್ದಳು.

ಆದರೂ ಅದು ಸೆರೆಮನೆಯೇ. ಎರಡು ಕೋಣೆ, ಒಂದು ಕಿಟಕಿ, ಕಿಟಕಿಯಾಚೆ ಪಕ್ಕದ ಮನೆಯ ಗೋಡೆ. ಚರ್ಚಿನ ಹೆಂಗಸರು ಸರದಿಯ ಮೇಲೆ ಬಂದು ಓಟ್ಸ್ ಗಂಜಿ ಕೊಟ್ಟು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡಿ ಹೋಗುತ್ತಿದ್ದರು. ಬಾಯಿ ಕಟ್ಟಿದರೆ ಕಿವಿಯೂ ಹೋಗಿದೆ ಅಂತ ಜನರಿಗೆ ಯಾಕೆ ಅನ್ನಿಸುತ್ತದೋ! ನನ್ನ ಮಂಚದ ಅಂಚಿಗೇ ಕೂತು, “ಬಾಯಿ ಜರಾ ಜಾಸ್ತಿನೇ ಇತ್ತು ಬಿಡ್ರಿ, ದೇವರು ವಿಶ್ರಾಂತಿ ಕೊಟ್ಟಾನ,” ಎಂದು ಅವ್ವನಿಗೆ ಹೇಳುತ್ತಿದ್ದರು. ಅವ್ವ ತಲೆ ಆಡಿಸುತ್ತಿದ್ದಳು! ನನಗೆ ಮೈಯೆಲ್ಲ ಉರಿದು, ಹಲ್ಲು ಕಚ್ಚಿ, ಹಲ್ಲು ಕಚ್ಚಿದರೆ ತಂತಿ ಒತ್ತಿ ಇನ್ನಷ್ಟು ನೋವಾಗಿ, ಸುಮ್ಮನೆ ಗೋಡೆಯ ಕಡೆ ಹೊರಳುತ್ತಿದ್ದೆ. ನೋಟ್‌ಬುಕ್ಕಿನಲ್ಲಿ ಬೈಗುಳ ಬರೆಯುವಷ್ಟರಲ್ಲಿ ಮಾತು ಮುಂದಿನ ಓಣಿಗೆ ಹೋಗಿರುತ್ತಿತ್ತು. ಬೈಗುಳ ಬರೆದು ತೋರಿಸುವಷ್ಟು ದಡ್ಡತನ ಇನ್ನೊಂದಿಲ್ಲ.

ಇಂಥ ಹೊತ್ತಿನಲ್ಲಿ ಮಾಮಾ ಬಂದ. ಅವ್ವನ ತಮ್ಮ, ಔರಾದ ತಾಲ್ಲೂಕಿನ ಡಾಬಕಾದವನು. ಹೊಲ ಮನೆ ಮಾಡಿಕೊಂಡು, ಅಲ್ಲಿಯ ಚರ್ಚಿನ ಸಭೆಯ ಹಿರಿಯನೂ ಆಗಿರುವವನು, ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಪ್ರಾರ್ಥನೆ ಮಾಡುವವನು. ನನ್ನನ್ನು ನೋಡಲು ಬಂದೆ ಎಂದ, ಹತ್ತು ನಿಮಿಷ ನೋಡಿದ. ಆಮೇಲೆ ಅವ್ವನ ಕಡೆ ತಿರುಗಿ, ಭಾಲ್ಕಿಯಲ್ಲಿ ಒಂದು ಒಳ್ಳೆಯ ಮನೆತನವಿದೆ, ಹುಡುಗ ಸರ್ಕಾರಿ ನೌಕರ, ನಮ್ಮ ಸಭೆಯವರೇ, ಸಣ್ಣಾಕಿಗೆ ಕೇಳುತ್ತಿದ್ದಾರೆ ಎಂದ. ಹುಡುಗನ ಅಜ್ಜನಿಗೆ ಮೈ ಸರಿಯಿಲ್ಲ, ಕ್ರಿಸ್‌ಮಸ್ ಮುಗಿದ ಕೂಡಲೇ ಲಗ್ನ ಆಗಬೇಕು. ನರ್ಸ್ ಕೆಲಸಕ್ಕೆ ಹೊರಗೆ ಕಳಿಸುವುದು ಅವರ ಮನೆಗೆ ಸರಿಬರುವುದಿಲ್ಲ. ಅಂದರೆ ಪರೀಕ್ಷೆಯ ಮೊದಲೇ ಲಗ್ನ, ಓದು ಅಲ್ಲಿಗೆ ಖತಂ.

ನನಗೆ ಬಾಯಿದ್ದಾಗ ಇದೇ ಮಾಮಾ ಒಮ್ಮೆ ಇಂಥದೇ ಮಾತು ತಂದಿದ್ದ. ಚಹಾ ಮುಗಿಯುವುದರೊಳಗೆ ಅವನನ್ನು ಬಸ್ಸು ಹತ್ತಿಸಿದ್ದೆ. ಈಗ ಅವನು ನನ್ನ ಮುಂದೆಯೇ ಕೂತು ಐತವಾರ ಅವರನ್ನು ಕರೆದುಕೊಂಡು ಬರುತ್ತೇನೆ ಎಂದು ಅವ್ವನಿಂದ ಹೂಂ ಅನ್ನಿಸಿಕೊಂಡು ಹೋದ.

ಮಾಮಾ ಹೋದ ಮೇಲೆ ತಂಗಿ ಬಂದು ನನ್ನ ಕಾಲ ಹತ್ತಿರ ಕೂತಳು. ಮೊದಲ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ.

“ಅಕ್ಕ, ನನಗ ಈ ಲಗ್ನ ಬ್ಯಾಡ. ಪರೀಕ್ಷಾ ಮುಗಿಸಬೇಕು. ಹೈದ್ರಾಬಾದಿನಾಗ ದೊಡ್ಡ ದವಾಖಾನಿಯಾಗ ನೌಕ್ರಿ ಮಾಡಬೇಕಂತ ಅದ. ನಾ ಬಾಯಿ ಬಿಟ್ಟು ಒಲ್ಲೆ ಅಂದ್ರ ಅವ್ವ ಅಳ್ತಾಳ, ಮಾಮಾ ಇಜ್ಜತ್ ಹೋಯ್ತು ಅಂತಾನ. ನೀ ಒಲ್ಲೆ ಅಂದ್ರ ಯಾರೂ ಏನೂ ಅನ್ನಂಗಿಲ್ಲ.”

ನಾನು ನನ್ನ ಬಾಯಿಯ ಕಡೆ ಕೈ ತೋರಿಸಿದೆ.

“ಅದಕೇ ಹೇಳ್ಲತ್ತೀನಿ. ನೀ ಮಾತಾಡಾದು ಬ್ಯಾಡ, ಬರಿಯಾದು ಬ್ಯಾಡ. ಅವರು ತಂದ ಸಿಹಿ ಮುಟ್ಟಬ್ಯಾಡ, ಅಷ್ಟೇ ಸಾಕು.”

ನಮ್ಮಲ್ಲಿ ಪದ್ಧತಿ ಹೀಗಿದೆ. ಕೇಳಲು ಬಂದವರು ಸಿಹಿ ತರುತ್ತಾರೆ. ಹುಡುಗಿಯ ಮನೆಯ ಹಿರಿಯರು ಅದನ್ನು ಬಾಯಿಗೆ ಇಟ್ಟುಕೊಂಡರೆ ಒಪ್ಪಿದಂತೆ. ಆಗ ಒಬ್ಬರು ಎದ್ದು ಪ್ರಾರ್ಥನೆ ಮಾಡುತ್ತಾರೆ, ದೇವರ ಮುಂದೆ ಆಡಿದ ಮಾತಾಗುತ್ತದೆ, ಅಲ್ಲಿಂದ ಹಿಂದೆ ಸರಿಯುವಂತಿಲ್ಲ. ಸಿಹಿಯನ್ನು ತಟ್ಟೆಯಲ್ಲೇ ಬಿಟ್ಟರೆ ಆಮೇಲೆ ಹೇಳುತ್ತೇವೆ ಎಂದು ಅರ್ಥ. ಯಾರಿಗೂ ಅವಮಾನವಿಲ್ಲ, ಚಹಾ ಕುಡಿದು ನಗುನಗುತ್ತ ಹೋಗುತ್ತಾರೆ. ನಮ್ಮ ಮನೆಯಲ್ಲಿ ಆ ಹಿರಿಯಳು ನಾನು.

“ನಿನಗ ಹೆಂಗೂ ಪೇಡಾ ತಿನ್ನಲಾಕ ಬರಂಗಿಲ್ಲ,” ಎಂದು ತಂಗಿ ಕೊನೆಗೆ ನಕ್ಕಳು. “ದೇವರು ಇದರ ಸಲುವಾಗೇ ನಿನ್ನ ಬಾಯಿ ಕಟ್ಟಿಸ್ಯಾನ ನೋಡು.”

ನಾನು ಅವಳ ಕೈ ಹಿಡಿದು ಜೋರಾಗಿ ಒತ್ತಿದೆ. ನನ್ನ ಜನ್ಮದಲ್ಲಿ ಕೊಡಬೇಕಾದ ಎಲ್ಲ ನಿರಾಕರಣೆಗಳಲ್ಲಿ ಇದು ಅತಿ ಸುಲಭದ್ದಾಗಿತ್ತು. ಸುಮ್ಮನೆ ಕೂರುವುದು.

ಐತವಾರ ಆರಾಧನೆ ಮುಗಿಸಿಕೊಂಡು ಬಂದರು. ಮಾಮಾ, ಹುಡುಗನ ತಾಯಿ, ಅವರ ಕಡೆಯ ಇಬ್ಬರು ಹಿರಿಯರು. ಹುಡುಗನ ತಾಯಿ ಎತ್ತರದ ಹೆಂಗಸು, ಮಾತು ಕಡಿಮೆ. ನನ್ನ ಹತ್ತಿರ ಬಂದು ಕೂತು ದವಡೆ ನೋಡಿ, “ಭಾಳ ತ್ರಾಸ ಆಗ್ಯದ ನಿಮಗ,” ಎಂದರು. ಬಾಯಿ ಜಾಸ್ತಿ ಇತ್ತು ಅನ್ನಲಿಲ್ಲ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಒಂದು ಕಾರಣ ಬೇಕಿತ್ತು, ಸಿಗಲಿಲ್ಲ.

ಎಲ್ಲರಿಗೂ ಪೇಡಾ ಡಬ್ಬಿ ತೆರೆದರು. ನನ್ನ ಸರದಿ ಬಂದಾಗ ಅವರು ಚೀಲದಿಂದ ಒಂದು ಥರ್ಮಾಸ್ ತೆಗೆದರು.

“ಪೇಡಾ ನಿಮಗ ನಡಿಯಂಗಿಲ್ಲಂತ ಗೊತ್ತಿತ್ತರಿ ಟೀಚರ್. ಅದಕ ಗೋಧಿ ಹಾಲಿನ ಗಂಜಿ ಮಾಡಿ ತಂದೀನಿ. ಎರಡು ಸಲ ಸೋಸೀನಿ. ಕುಡೀರಿ.”

ಸ್ಟೀಲಿನ ಗ್ಲಾಸಿಗೆ ಸುರಿದಾಗ ಬಂದ ವಾಸನೆಯನ್ನು ನಾನು ಈಗಲೂ ಮರೆತಿಲ್ಲ. ಏಲಕ್ಕಿ, ತುಪ್ಪ, ಬೆಲ್ಲ, ಗಸಗಸೆ. ಇಪ್ಪತ್ತೆರಡು ದಿನ ಉಪ್ಪು, ಬೆಳ್ಳುಳ್ಳಿ, ಹುಳಿ ಬಿಟ್ಟರೆ ಬೇರೆ ರುಚಿ ಕಂಡಿರಲಿಲ್ಲ ನನ್ನ ನಾಲಿಗೆ. ಸಿಹಿ ಹಲ್ಲಿನ ಸಂದಿಯಲ್ಲಿ ನಿಂತರೆ ಕೆಡುತ್ತದೆ ಅಂತ ತಂಗಿ ಬೆಲ್ಲ ಮುಟ್ಟಿಸಿರಲಿಲ್ಲ. ಮಾಮಾ ತಾನೇ ಎದ್ದು ಸ್ಟ್ರಾ ತಂದು ಗ್ಲಾಸಿನಲ್ಲಿ ಇಟ್ಟು ನನ್ನ ಕೈಗೆ ಕೊಟ್ಟ. ಅವ್ವ ನನ್ನನ್ನೇ ನೋಡುತ್ತಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ತಲೆಯನ್ನು ಒಂದಿಷ್ಟೇ, ಯಾರಿಗೂ ಕಾಣದಷ್ಟು, ಅಡ್ಡ ಆಡಿಸಿದಳು. ನಾನು ನೋಡಿದೆ. ನೋಡಿಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಮೊದಲ ಗುಟುಕು ಬಂದಾಗ ಕಣ್ಣಲ್ಲಿ ನೀರು ಬಂತು. ಬೆಚ್ಚಗಿತ್ತು, ಮೃದುವಾಗಿತ್ತು, ಒಂದು ಕಣವಿಲ್ಲದೆ ತಂತಿಯೊಳಗಿಂದ ತಾನಾಗಿ ಇಳಿಯಿತು. ಒಂದೇ ಗುಟುಕು, ಬಂದವರ ಮನಸ್ಸಿಗೆ, ಆಮೇಲೆ ಇಟ್ಟುಬಿಡುತ್ತೇನೆ ಅಂದುಕೊಂಡೆ. ಎರಡನೆಯದಕ್ಕೆ ಏನೂ ಅಂದುಕೊಳ್ಳಲಿಲ್ಲ. ಗ್ಲಾಸಿನ ತಳದಲ್ಲಿ ಸ್ಟ್ರಾ ಸುರ್ರ್ ಎಂದು ಗಾಳಿ ಎಳೆದಾಗಲೇ ನನಗೆ ಕೋಣೆಯಲ್ಲಿ ಜನ ಇದ್ದಾರೆ ಎಂದು ನೆನಪಾದದ್ದು.

“ಹಾಂ! ಹುಡುಗಿ ಅಕ್ಕನ ಬಾಯಿ ಸಿಹಿ ಆಯ್ತು!” ಎಂದು ಮಾಮಾ ತೊಡೆ ತಟ್ಟಿದ. “ಏಳ್ರಿ, ಪ್ರಾರ್ಥನಾ ಮಾಡೋಣ.”

ನಾನು ಕೈ ಬೀಸಿದೆ, ನೋಟ್‌ಬುಕ್ಕಿಗೆ ತಡಕಾಡಿದೆ. ಅಷ್ಟರಲ್ಲಿ ಎಲ್ಲರೂ ಎದ್ದು ಕಣ್ಣು ಮುಚ್ಚಿದ್ದರು. ಕಣ್ಣು ಮುಚ್ಚಿ ನಿಂತವರಿಗೆ ಏನು ಬರೆದು ತೋರಿಸಲಿ? ಮಾಮಾ ಎರಡು ಮನೆತನಗಳನ್ನು ಕೂಡಿಸಿದ್ದಕ್ಕೆ ದೇವರಿಗೆ ಸ್ತೋತ್ರ ಹೇಳಿದ, ಹುಡುಗ ಹುಡುಗಿಯನ್ನು ಹೆಸರು ಹಿಡಿದು ಒಪ್ಪಿಸಿದ, ಎಲ್ಲರೂ ಆಮೆನ್ ಅಂದರು. ಹುಡುಗನ ತಾಯಿ ಒಂದು ಸೀರೆ ತೆಗೆದು ತಂಗಿಯ ಕೈಯಲ್ಲಿಟ್ಟರು. ಅವಳು ತೆಗೆದುಕೊಂಡಳು. ಆಮೇಲೆ ನನ್ನ ಖಾಲಿ ಗ್ಲಾಸನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟಳು.

ಅವರು ಹೋದ ಮೇಲೆ ನಾನು ಬರೆದೆ: “ಹಸಿವು ತಡೆಯಲಿಲ್ಲ. ಗೊತ್ತಾಗಲಿಲ್ಲ.” ಅವಳು ಓದಿದಳು. “ಇರ್ಲಿ ಬಿಡು,” ಎಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ನಮ್ಮ ಮನೆಯಲ್ಲಿ ಬೈಯುವುದು ನನ್ನ ಕೆಲಸ, ಅವಳಿಗೆ ಅಭ್ಯಾಸವಿಲ್ಲ.

ಮರುದಿನ ಮಧ್ಯಾಹ್ನ ಅಂಬಲಿ ಬಂತು. ಶೇಂಗಾದ ಹಾಲು, ಉಳ್ಳಾಗಡ್ಡಿ ನೀರು, ಎಲ್ಲಾ ಇತ್ತು, ಏನೂ ಕಡಿಮೆ ಮಾಡಿರಲಿಲ್ಲ. ಗ್ಲಾಸು ಕೈಗಿಟ್ಟು ಅವಳು ಒಳಗೆ ಹೋದಳು. ನಾನು ಕಾಯುತ್ತ ಕೂತೆ, ಅವಳು ಶೇಂಗಾ ಹಿಡಿದುಕೊಂಡು ಬರಲಿಲ್ಲ. ಕೋಣೆಯಲ್ಲಿ ನಾನು ಹೀರುವ ಸದ್ದೊಂದೇ ಕೇಳುತ್ತಿತ್ತು. ಅಂಥ ರುಚಿಯ ಅಂಬಲಿಯನ್ನು ಅರ್ಧಕ್ಕೇ ಬಿಟ್ಟು ಗ್ಲಾಸು ಕೆಳಗಿಟ್ಟೆ.

ಒಂದು ವಾರ ಕಳೆದ ಮೇಲೆ ಬೆಳಿಗ್ಗೆ ಡ್ಯೂಟಿಗೆ ಹೋಗುವುದನ್ನೂ ಬಿಟ್ಟಳು. ಯಾಕೆ ಎಂದು ಬರೆದು ಕೇಳಿದೆ. “ಇನ್ನ ಯಾಕ ಹೋಗ್ಲಿ?” ಎಂದಳು. ಅವಳ ಬಿಳಿ ಕೋಟು ಮಡಚಿ ಟ್ರಂಕಿನ ತಳಕ್ಕೆ ಹೋಯಿತು. ಅವ್ವ ಮಾತ್ರ ಹುರುಪಿನಿಂದ ಕುಂಟುತ್ತ ಓಡಾಡುತ್ತಿದ್ದಳು. ಫೋನಿನಲ್ಲಿ ಡಾಬಕಾದ ತಮ್ಮನ ಜೊತೆ ದಿನಕ್ಕೆ ಎರಡು ಸಲ ಮಾತು, ಎಷ್ಟು ಜನ, ಯಾವ ಪಾಸ್ಟರು, ಯಾವ ಅಡುಗೆ. ಸಣ್ಣಾಕಿ ದೂರ ಹೋಗುವುದಿಲ್ಲ, ಭಾಲ್ಕಿ ಅಂದರೆ ಮುಟ್ಟಿದರೆ ಸಿಗುವಷ್ಟು ಹತ್ತಿರ, ಬೇಕಾದಾಗ ಬಂದು ಹೋಗುತ್ತಾಳೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ನಾನು ಹಾಸಿಗೆಯಲ್ಲಿ ಕೂತು ಅದನ್ನು ಕೇಳುತ್ತಿದ್ದೆ.

ಬರೆದು ಹೇಳಬಹುದಿತ್ತು. ಅವ್ವನಿಗೆ ಓದಲು ಬರುತ್ತದೆ, ಮಾಮಾನಿಗೂ ಬರುತ್ತದೆ. ನಾನು ದಿನಾ ಬರೆದೆ, ದಿನಾ ಹಾಳೆ ಹರಿದೆ. ತಂತಿ ಬಿಚ್ಚಲಿ, ಬಾಯಿಂದಲೇ ಹೇಳುತ್ತೇನೆ, ನನ್ನ ಮಾತಿಗಿರುವ ಬೆಲೆ ಬರಹಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನನ್ನ ಮಂಚ, ಅದರ ಎದುರಿಗೆ ಮೂಲೆಯಲ್ಲಿ ಮೊಣಕಾಲ ಮೇಲೆ ಗದ್ದವಿಟ್ಟು ಕೂತ ತಂಗಿ. ಬಾಗಿಲು ತೆರೆದೇ ಇರುತ್ತಿತ್ತು, ಇಬ್ಬರೂ ಹೊರಗೆ ಹೋಗುತ್ತಿರಲಿಲ್ಲ.

ಆರು ವಾರ ಮುಗಿದು ತಂತಿ ಬಿಚ್ಚಿದರು. ಬಾಯಿ ಮೊದಲಿನ ಹಾಗೆ ತೆರೆಯುತ್ತದೆ ಎಂದುಕೊಂಡಿದ್ದೆ. ಒಂದು ಬೆರಳು ಹಿಡಿಯುವಷ್ಟೇ ತೆರೆಯಿತು. ದಿನಾ ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಸೇರಿಸಿ ಹಲ್ಲಿನ ನಡುವೆ ತುರುಕಿ ಹಿಗ್ಗಿಸಬೇಕು, ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು ಡಾಕ್ಟರು. ಆದರೂ ಒಂದು ಬೆರಳಿನ ಸಂದಿಯಿಂದ ಮಾತು ಹೊರಬರುತ್ತದೆ. ಮರುದಿನವೇ ಆ ಸೀರೆ ಚೀಲಕ್ಕೆ ಹಾಕಿಕೊಂಡು ನಾನೊಬ್ಬಳೇ ಭಾಲ್ಕಿಯ ಬಸ್ಸು ಹತ್ತಿದೆ.

ಹುಡುಗನ ತಾಯಿ ಅಂಗಳದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ನೀರು ತಂದರು. ಮಾತು ಮುರಿಯಲು ಹೋದ ಮನೆಯಲ್ಲಿ ನೀರೂ ಕುಡಿಯಬಾರದು. ತಂಬಿಗೆ ಮುಟ್ಟದೆ ಕೂತೆ. ಅವರಿಗೆ ಅಷ್ಟಕ್ಕೇ ತಿಳಿಯಿತು.

“ಹೇಳ್ರಿ,” ಎಂದರು.

“ನಮ್ಮ ಹುಡುಗಿಗಿ ಓದಬೇಕಂತ ಅದರಿ. ಲಗ್ನ ಬ್ಯಾಡಂತ ಆಕಿ ನನಗ ಮೊದಲೇ ಹೇಳಿದ್ದಳು. ತಪ್ಪು ನಂದರಿ. ಅವತ್ತ ಹಸಿವಿಗಿ ಕುಡದಬಿಟ್ಟೆ,” ಎಂದೆ. ದವಡೆ ನೋಯುತ್ತಿತ್ತು, ಜೊಲ್ಲು ಸುರಿಯುತ್ತಿತ್ತು, ಸೆರಗಿನಿಂದ ಒರೆಸಿಕೊಂಡೆ.

ಅವರು ಮೊರದ ತೊಗರಿಯ ಮೇಲೆ ಕೈಯಾಡಿಸಿದರು.

“ಅಷ್ಟು ಛಲೋ ಆಗಿತ್ತೇನ್ರಿ ನನ್ನ ಗಂಜಿ?” ಎಂದರು. ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. “ಮೂರು ದಿನ ಗೋಧಿ ನೆನಸಿಟ್ಟು, ದಿನಾ ನೀರ ಬದಲಿ ಮಾಡಿ, ರುಬ್ಬಿ ಹಾಲು ತೆಗದಿದ್ದೆ. ಹೊಸ ಬೀಗತಿ ಬಾಯಿ ನೋಯಬಾರ್ದಂತ. ಒಲ್ಲೆ ಅಂದ ಹುಡುಗಿಗಿ ನಾ ಜುಲುಮಿ ಮಾಡಾಕಿ ಅಲ್ಲರಿ. ಖರೆ, ನೀವು ಅವತ್ತೇ ಗ್ಲಾಸ್ ಕೆಳಗಿಟ್ಟಿದ್ರ ನಮ್ಮ ಮಾನ ಉಳಿತಿತ್ತು. ಊರೆಲ್ಲಾ ಹೇಳಿಕೊಂಡು ಬಂದೀವಿ.”

“ಮಾಫ್ ಮಾಡ್ರಿ,” ಎಂದೆ. ಸೀರೆ ಕಟ್ಟೆಯ ಮೇಲಿಟ್ಟು ಎದ್ದು ಬಂದೆ.

ಮಾಮಾ ಫೋನಿನಲ್ಲಿ ಕೂಗಾಡಿದ. ದೇವರ ಮುಂದೆ ಆಡಿದ ಮಾತು ಮುರಿದವರ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದ, ಆ ಕ್ರಿಸ್‌ಮಸ್ಸಿಗೆ ಬರಲಿಲ್ಲ, ಅದರ ಮುಂದಿನದಕ್ಕೂ ಬರಲಿಲ್ಲ. ಅವ್ವ ಎಂಟು ದಿನ ನನ್ನ ಜೊತೆ ಮಾತು ಬಿಟ್ಟಳು. “ಬಾಯಿ ಬಂದ ಕೂಡ್ಲೇ ಬೆಂಕಿ ಹಚ್ಚಿದಿ,” ಎಂಬುದೊಂದೇ ಅವಳು ಹೇಳಿದ್ದು. ತಂಗಿ ಟ್ರಂಕಿನ ತಳದಿಂದ ಬಿಳಿ ಕೋಟು ತೆಗೆದು ಇಸ್ತ್ರಿ ಮಾಡಿಕೊಂಡು ಹಾಸ್ಟೆಲಿಗೆ ಹೋದಳು. ತಪ್ಪಿದ ಡ್ಯೂಟಿ ದಿನಗಳನ್ನೆಲ್ಲ ರಜೆಯಲ್ಲಿ ಮಾಡಿಕೊಟ್ಟು, ಪರೀಕ್ಷೆ ಬರೆದು ಪಾಸಾದಳು. ಹೈದರಾಬಾದಿನಲ್ಲಿ ಕೆಲಸವೂ ಸಿಕ್ಕಿತು.

ನಾನು ದೊಡ್ಡ ಕೆಲಸ ಮಾಡಿದೆ ಎಂದು ಒಳಗೊಳಗೆ ಬೀಗುತ್ತಿದ್ದೆ. ಅವಳು ಹೊರಡುವ ದಿನ ನಾನೇ ಅಂಬಲಿ ಮಾಡಿದೆ. ಶೇಂಗಾ, ಉಳ್ಳಾಗಡ್ಡಿ, ಮುಷ್ಟಿ ತುಂಬ ಅಗಸಿ ಹಿಂಡಿ. ಅವಳು ಬಟ್ಟಲು ಖಾಲಿ ಮಾಡಿದಳು, ಛಲೋ ಆಗ್ಯದ ಎಂದಳು. ಆಟೋದಲ್ಲಿ ಬೀದರ ಬಸ್‌ಸ್ಟ್ಯಾಂಡಿಗೆ ಹೋದೆವು. 

ಬಸ್ಸು ಹತ್ತಿ ಕಿಟಕಿಯ ಪಕ್ಕ ಕೂತಳು. ನಾನು ಕೆಳಗೆ ನಿಂತಿದ್ದೆ. ಸುಮ್ಮನೆ ನಿಲ್ಲಲಾರದೆ ಹಳೆಯ ಮಾತು ತೆಗೆದೆ.

“ಅವತ್ತ ಆ ಗಂಜಿ ಕುಡದದ್ದಕ್ಕ ಇನ್ನಾ ಸಿಟ್ಟದೇನ್ ನಿನಗ? ಹಸಿವು ಭಾಳ ಆಗಿತ್ತವ್ವ. ಇಪ್ಪತ್ತೆರಡು ದಿನ ಸಿಹಿ ಕಂಡಿರಲಿಲ್ಲ.”

ಅವಳು ಕಿಟಕಿಯ ಸರಳಿನ ಮೇಲೆ ಕೈಯಿಟ್ಟು ನನ್ನನ್ನು ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ರೋಗಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು.

“ನಿನಗ ಸಿಹಿ ಬೇಕಾಗಿರಲಿಲ್ಲ ಅಕ್ಕ. ಹೈದ್ರಾಬಾದ ದೂರ, ಭಾಲ್ಕಿ ಹತ್ತರ. ನಿನಗ ನಾ ಇಲ್ಲೇ ಬೇಕಾಗಿದ್ದೆ.”

ಡ್ರೈವರು ಹಾರನ್ ಹೊಡೆದ. ಬಸ್ಸು ಹಿಂದಕ್ಕೆ ಸರಿದು ತಿರುಗಿತು. ನನ್ನ ಬಾಯಿ ಅಷ್ಟರಲ್ಲಿ ಮೂರು ಬೆರಳು ಹಿಡಿಯುವಷ್ಟು, ಪೂರ್ತಿ ತೆರೆಯುತ್ತಿತ್ತು. ಆದರೂ ನಾನು ಅಲ್ಲ ಅನ್ನಲಿಲ್ಲ.